ಜೋನಿ ಬೆಲ್ಲದ ಬಣ್ಣ

ದೊಡ್ಡ ತಪ್ಪು ಮಾಡಲು ದೊಡ್ಡ ಅಧಿಕಾರ ಬೇಕು ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಹೊನ್ನಾವರದ ಮಾಮಲೇದಾರ ಕಚೇರಿಯಲ್ಲಿ ಕಾರಕೂನನಾಗಿ ಕೂತವನಿಗೆ ಈ ನಂಬಿಕೆ ಸಹಜವೇ. ನಮ್ಮ ಕೈಯಲ್ಲಿ ಆಗುವ ತಪ್ಪುಗಳೆಂದರೆ ಒಬ್ಬರ ಗದ್ದೆಯ ಸರ್ವೆ ನಂಬರು ಇನ್ನೊಬ್ಬರ ಹೆಸರಿನ ಎದುರಿಗೆ ಬೀಳುವುದು, ತೀರಿಕೊಂಡವರಿಗೆ ನೋಟೀಸು ಹೋಗುವುದು, ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದವರು ಮೃತರ ಪಟ್ಟಿಯಲ್ಲಿ ಸೇರುವುದು. ಹಾಗೆ ಸೇರಿದವರೊಬ್ಬರು ಸ್ವತಃ ಕಚೇರಿಗೆ ಬಂದು, ನನ್ನ ಮೇಜಿನ ಮುಂದೆ ನಿಂತು, ತಾವು ಬದುಕಿರುವುದಕ್ಕೆ ಬರವಣಿಗೆಯಲ್ಲಿ ಅರ್ಜಿ ಕೊಟ್ಟುಹೋದದ್ದೂ ಉಂಟು. ಇವಕ್ಕೆಲ್ಲ ತಿದ್ದುಪಡಿ ಇದೆ. ಮೇಲೊಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರೆ ತಪ್ಪು ಇದ್ದಲ್ಲಿಯೇ ತಣ್ಣಗೆ ಸತ್ತುಹೋಗುತ್ತದೆ. ನಾನು ಹೇಳಹೊರಟಿರುವ ತಪ್ಪು ಮಾತ್ರ ಕಾಗದದ ಮೇಲೆ ಆದದ್ದಲ್ಲ. ಅದು ನಮ್ಮ ಮನೆಯ ಬಚ್ಚಲಲ್ಲಿ ಆದದ್ದು, ಮತ್ತು ಅದರ ಉದ್ದ ಕಿರುಬೆರಳಿನ ಒಂದು ಗೆಣ್ಣಿನಷ್ಟು.

ಬಚ್ಚಲಿನಲ್ಲಿ ಕಾರಕೂನನಿಗೆ ಸ್ನಾನದ ಹೊರತು ಏನು ಕೆಲಸ ಎಂದು ನೀವು ಕೇಳಬಹುದು. ನನ್ನ ಹೆಂಡತಿ ಗಿರಿಜೆಯೂ ಇದನ್ನೇ ಕೇಳಿದ್ದಳು. ನನಗೆ ಯಂತ್ರಗಳ ಹುಚ್ಚು ಚಿಕ್ಕಂದಿನಿಂದಲೂ ಇತ್ತು, ಆದರೆ ಯಂತ್ರಗಳ ಹತ್ತಿರ ಸುಳಿಯುವ ಯೋಗ ಇರಲಿಲ್ಲ. ಕಚೇರಿಯಲ್ಲಿದ್ದ ಏಕಮಾತ್ರ ಯಂತ್ರವೆಂದರೆ ಟೈಪ್‌ರೈಟರು, ಅದಕ್ಕೂ ಬೇರೆಯೇ ಗುಮಾಸ್ತ. ಹೀಗಿರುವಾಗ ಹಳೆಯ ಸಾಮಾನುಗಳ ಹರಾಜೊಂದರಲ್ಲಿ ಕಾರ್ಖಾನೆ ಕೆಲಸದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ನನ್ನ ಪಾಲಿಗೆ ಬಂತು. ಅದರಲ್ಲಿ ಉಕ್ಕನ್ನು ಕಾಯಿಸಿ ಗಟ್ಟಿ ಮಾಡುವ ಅಧ್ಯಾಯವನ್ನು ನಾನು ಎಷ್ಟು ಸಲ ಓದಿದೆನೆಂದರೆ, ಮಾಮಲೇದಾರರು ಕಡತ ಕೇಳಿದಾಗಲೂ ನನ್ನ ಕಣ್ಣ ಮುಂದೆ ಕೆಂಪಗೆ ಕಾದ ಸಲಾಕೆಯೇ ನಿಲ್ಲುತ್ತಿತ್ತು. ಸ್ನಾನದ ಹಂಡೆಯ ಒಲೆಗೆ ಕರಟದ ಇದ್ದಿಲು ತುಂಬಿ, ಕುಮಟೆಯ ಸಂತೆಯಲ್ಲಿ ಸಿಕ್ಕಿದ ಕೈಯಿಂದ ತಿರುಗಿಸುವ ಗಾಳಿಯಂತ್ರವೊಂದನ್ನು ಅದರ ಬಾಯಿಗೆ ಕೂರಿಸಿದೆ. ಒಂದು ಡಬ್ಬಿಯಲ್ಲಿ ತೆಂಗಿನೆಣ್ಣೆ ಇಟ್ಟುಕೊಂಡೆ. ಕಾದ ಉಕ್ಕನ್ನು ಆ ಎಣ್ಣೆಯಲ್ಲಿ ಅದ್ದಿದಾಗ ಏಳುವ ಹೊಗೆಯ ವಾಸನೆ ಕರಿದ ತಿಂಡಿಯ ಹಾಗೆಯೇ ಇರುತ್ತಿತ್ತು. ವಾರಕ್ಕೆ ಮೂರು ದಿನ ನಮ್ಮ ಮನೆಯಲ್ಲಿ ಹಪ್ಪಳ ಕರಿಯುತ್ತಾರೆ, ಒಂದನ್ನೂ ಕೊಡುವುದಿಲ್ಲ ಎಂದು ಪಕ್ಕದ ಮನೆಯವರು ನಮ್ಮನ್ನು ಮಾತಾಡಿಸುವುದನ್ನೇ ಬಿಟ್ಟರು.

ಆಗಿನ ಕಾಲದಲ್ಲಿ ಈ ಕೆಲಸಕ್ಕೆ ನಿಜವಾಗಿ ಬೇಡಿಕೆ ಇತ್ತು ಎಂಬುದನ್ನೂ ಹೇಳಬೇಕು. ಗದ್ದೆಗಳಿಗೆ ಡೀಸೆಲ್ ಪಂಪುಗಳು ಒಂದೊಂದಾಗಿ ಬರುತ್ತಿದ್ದವು, ಮೀನಿನ ದೋಣಿಗಳಿಗೂ ಇಂಜಿನ್ ಕೂರಿಸಲು ಶುರುಮಾಡಿದ್ದರು. ಇಂಜಿನ್ನೇನೋ ಬರುತ್ತಿತ್ತು, ಅದರ ಬಿಡಿಭಾಗ ಬರುತ್ತಿರಲಿಲ್ಲ. ಮುಂಬಯಿಗೆ ಬರೆದರೆ ಪರದೇಶದಿಂದ ಮಾಲು ಬಂದಿಲ್ಲ ಎಂಬ ಉತ್ತರ, ಅದೂ ಎರಡು ತಿಂಗಳ ಮೇಲೆ. ಕುಮಟೆಯಲ್ಲಿ ಲೇತ್ ಇಟ್ಟಿದ್ದ ಪಾಂಡುರಂಗ ಎಂಬವರು ಹಳೆಯ ಅರಗಳ ಉಕ್ಕಿನಿಂದ ಪಿನ್ನು, ಬುಷ್ಷು ಎಂದು ಏನು ಬೇಕಾದರೂ ತೆಗೆದುಕೊಡುತ್ತಿದ್ದರು. ಆದರೆ ಅದನ್ನು ಗಟ್ಟಿ ಮಾಡುವ ಕೆಲಸ ಅವರಿಗೆ ಒಗ್ಗುತ್ತಿರಲಿಲ್ಲ. ಹೀಗಾಗಿ ಕುಮಟೆಯಿಂದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬೀಡಿ ಕಟ್ಟಿನಂಥ ಪೊಟ್ಟಣಗಳು ನನ್ನ ಮನೆಗೆ ಬರತೊಡಗಿದವು.

ಉಕ್ಕನ್ನು ಗಟ್ಟಿ ಮಾಡುವುದರಲ್ಲಿ ಎರಡು ಹಂತ ಇವೆ. ಮೊದಲು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಸರಿಯಾಗಿ ಕಾದ ಉಕ್ಕು ಸೂಜಿಗಲ್ಲಿಗೆ ಅಂಟುವುದನ್ನು ಬಿಟ್ಟುಬಿಡುತ್ತದೆ, ಆದ್ದರಿಂದ ಹಳೆಯ ರೇಡಿಯೋದ ಒಂದು ಸೂಜಿಗಲ್ಲು ಇದ್ದರೆ ಕುರುಡನೂ ಇಷ್ಟನ್ನು ಮಾಡಬಹುದು. ಆದರೆ ಹೀಗೆ ಗಟ್ಟಿಯಾದದ್ದು ಗಾಜಿನಂತೆ ಪೆಡಸು, ಪೆಟ್ಟು ಬಿದ್ದರೆ ಎರಡು ತುಂಡು. ಅದಕ್ಕೇ ಎರಡನೆಯ ಹಂತ. ಅದನ್ನು ತಿಕ್ಕಿ ಬೆಳ್ಳಗೆ ಮಾಡಿ, ಬಾಣಲೆಯಲ್ಲಿ ಕಾಯಿಸಿದ ಮರಳಿನ ಮೇಲಿಟ್ಟು ಮೆಲ್ಲಗೆ ಬಿಸಿ ಮಾಡಿದರೆ ಅದರ ಮೈಮೇಲೆ ಬಣ್ಣಗಳು ಬರುತ್ತವೆ. ಮೊದಲು ತಿಳಿ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಕೊನೆಗೆ ನೀಲಿ. ಯಾವ ಭಾಗಕ್ಕೆ ಯಾವ ಬಣ್ಣ ಬೇಕೋ ಅಲ್ಲಿಗೆ ನಿಲ್ಲಿಸಬೇಕು. ಬೇಗ ತೆಗೆದರೆ ಪೆಡಸುತನ ಹೋಗಿರುವುದಿಲ್ಲ, ತಡವಾದರೆ ಮೆತ್ತಗಾಗಿರುತ್ತದೆ. ಹದ ಎಂದರೆ ಇದೇ. ಪುಸ್ತಕದ ಪ್ರಕಾರ ಇದಕ್ಕೆ ಬೇಕಾದ ಉಪಕರಣ ಒಂದೇ: ಒಳ್ಳೆಯ ಕಣ್ಣು.

ನನ್ನ ಕಣ್ಣು ಒಳ್ಳೆಯದು ಎಂದೇ ನಾನು ತಿಳಿದಿದ್ದೆ. ಕನ್ನಡಕ ಇರಲಿಲ್ಲ, ದೂರದ ದೋಣಿಯ ಹಗ್ಗವನ್ನೂ ಎಣಿಸುತ್ತಿದ್ದೆ. ಆದರೆ ನನ್ನ ಪಿನ್ನುಗಳು ಒಂದೋ ಮುರಿಯುತ್ತಿದ್ದವು, ಇಲ್ಲವೆ ವಾರದಲ್ಲಿ ಸವೆಯುತ್ತಿದ್ದವು. ಒಂದು ದಿನ ಬಿಸಿನೀರು ತೋಡಿಕೊಳ್ಳಲು ಬಂದ ಗಿರಿಜೆ ಬಾಣಲೆಯೊಳಗೆ ಇಣುಕಿ, "ಇದಕ್ಕೆ ಯಾವ ಬಣ್ಣ ಬರಬೇಕು?" ಎಂದು ಕೇಳಿದಳು. ಕಂದು ಎಂದೆ. "ಅದಾಗಲೇ ಹೋತು. ಈಗ ಬದನೆಕಾಯಿ ಬಣ್ಣ," ಎಂದಳು. ಇಲ್ಲ, ಇನ್ನೂ ಹಳದಿ ಇದೆ ಎಂದು ನಾನು ವಾದಿಸಿದೆ. ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ ಒಂದು ಸೀರೆ ತಂದು, "ಇದು ಯಾವ ಬಣ್ಣ ಹೇಳಿ," ಎಂದಳು. ಮದುವೆಯಾದ ಮೊದಲ ದೀಪಾವಳಿಗೆ ನಾನೇ ಆರಿಸಿ ತಂದ ಸೀರೆ ಅದು. ಕಂದು, ತುಂಬ ಗಂಭೀರವಾದ ಕಂದು ಎಂದೆ. ಅದು ಎಳೆ ಬಾಳೆಯೆಲೆಯ ಹಸಿರಂತೆ. ಅವಳಿಗೆ ಆ ಬಣ್ಣ ಆಗುತ್ತಿರಲಿಲ್ಲ, ಗಂಡ ಇಷ್ಟಪಟ್ಟು ತಂದದ್ದು ಎಂದು ಆರು ವರ್ಷ ಉಟ್ಟಿದ್ದಳು. ಹೀಗೆ ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ನನಗೆ ಬಣ್ಣ ಸರಿಯಾಗಿ ಕಾಣುವುದಿಲ್ಲ ಎಂಬ ಸಂಗತಿ ಬಚ್ಚಲಲ್ಲಿ ತೀರ್ಮಾನವಾಯಿತು.

ಅಂದಿನಿಂದ ಬೆಂಕಿ ನನ್ನದು, ಬಣ್ಣ ಅವಳದು ಎಂದಾಯಿತು. ನಾನು ಗಾಳಿಯಂತ್ರ ತಿರುಗಿಸುವುದು, ಅವಳು ಸೆರಗು ಸಿಕ್ಕಿಸಿ ಬಾಣಲೆಯ ಮೇಲೆ ಬಾಗುವುದು. ಪುಸ್ತಕದ ಬಣ್ಣದ ಹೆಸರುಗಳು ಅವಳಿಗೆ ಬೇಡವಾಗಿದ್ದವು. ತಿಳಿ ಹಳದಿಗೆ ತುಪ್ಪ ಎನ್ನುತ್ತಿದ್ದಳು, ಕಂದಿಗೆ ಕೊಡದಲ್ಲಿ ತುಂಬಿಡುವ ನೀರು ಬೆಲ್ಲದ ಹೆಸರು, ಜೋನಿ ಬೆಲ್ಲ, ನೇರಳೆಗೆ ಬದನೆಕಾಯಿ. ನೀಲಿಯನ್ನು ಮಾತ್ರ ನೀಲಿ ಎನ್ನುತ್ತಿದ್ದಳು, ತಿನ್ನುವ ವಸ್ತು ಯಾವುದೂ ಆ ಬಣ್ಣದ್ದು ಇಲ್ಲವಲ್ಲ. "ತುಪ್ಪ ಬಂತು... ತುಪ್ಪ... ಈಗ ಜೋನಿ ಬೆಲ್ಲ, ತೆಗಿರಿ," ಎಂದೊಡನೆ ನಾನು ಇಕ್ಕಳದಿಂದ ಎತ್ತಿ ನೀರಿಗೆ ಹಾಕುತ್ತಿದ್ದೆ. ಅಲ್ಲಿಂದ ಮುಂದೆ ಎರಡು ವರ್ಷ ನಮ್ಮ ಬಚ್ಚಲಿನಿಂದ ಹೋದ ಒಂದು ಪಿನ್ನೂ ಮುರಿದು ವಾಪಸು ಬರಲಿಲ್ಲ. ನಮ್ಮ ದಾಂಪತ್ಯದ ಅತ್ಯಂತ ಸಂತೋಷದ ದಿನಗಳು ಯಾವುವೆಂದು ಕೇಳಿದರೆ ಮಸಿ ಹಿಡಿದ ಆ ಭಾನುವಾರಗಳನ್ನೇ ನಾನು ತೋರಿಸಬೇಕು.

ಈ ದಿನಗಳಲ್ಲಿಯೇ ನನಗೆ ಇಸ್ಮಾಯಿಲ್ ಸಾಹೇಬರ ಸ್ನೇಹವಾದದ್ದು. ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರದ ಧಕ್ಕೆಯಿಂದ, ಅಂದರೆ ದೋಣಿ ನಿಲ್ಲುವ ಕಟ್ಟೆಯಿಂದ, ತೆಂಕಣ ದಡಕ್ಕೆ ಜನರನ್ನು ದಾಟಿಸುವ ಲಾಂಚಿಗೆ ಅವರು ಡ್ರೈವರು. ಭಟ್ಕಳದವರು, ಮನೆಯಲ್ಲಿ ನವಾಯತಿ ಮಾತು, ನಮ್ಮೊಡನೆ ಕನ್ನಡ, ಇಂಜಿನ್ನಿನೊಡನೆ ಉರ್ದು. ಬೈಯಬೇಕಾದರೆ ಉರ್ದುವೇ ಅದಕ್ಕೆ ಅರ್ಥವಾಗುವುದು ಎನ್ನುತ್ತಿದ್ದರು. ವಾರವಿಡೀ ಧಕ್ಕೆಯ ಬಳಿಯ ಕೋಣೆಯಲ್ಲಿದ್ದು ಗುರುವಾರ ಸಂಜೆ ಊರಿಗೆ ಹೋಗಿ ಬರುತ್ತಿದ್ದರು. ಅವರ ಲಾಂಚಿನ ಇಂಜಿನ್ನಿನಲ್ಲಿ ಡೀಸೆಲ್ ಪಂಪನ್ನು ಒತ್ತುವ ಒಂದು ಪುಟ್ಟ ಗಾಲಿ ಇತ್ತು. ಆ ಗಾಲಿಯ ಅಚ್ಚು ಒಂದು ಪಿನ್ನು. ಸವೆದರೆ ಇಂಜಿನ್ ಕುಂಟುತ್ತದೆ, ಮುರಿದರೆ ನಿಲ್ಲುತ್ತದೆ. ನಾಲ್ಕೈದು ತಿಂಗಳಿಗೊಮ್ಮೆ ಪಾಂಡುರಂಗರು ಅದನ್ನು ತೆಗೆದು ಕಳಿಸುತ್ತಿದ್ದರು, ನಾವು ಹದ ಮಾಡಿ ಕೊಡುತ್ತಿದ್ದೆವು. ಪಿನ್ನು ಒಯ್ಯಲು ಬಂದಾಗ ಸಾಹೇಬರು ಹಿತ್ತಲ ಬಾಗಿಲಲ್ಲೇ ನಿಂತು, "ಅಕ್ಕ, ಈ ಸಲ ಬೆಲ್ಲ ಚಂದ ಬಂದಿದೆಯಾ?" ಎಂದು ಕೇಳಿ, ಗಿರಿಜೆ ಹೂಂ ಎಂದ ಮೇಲೆಯೇ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಒಂದು ಸಂಜೆ ಧಕ್ಕೆಯಲ್ಲಿ ಏಳೆಂಟು ಜನ ಲಾಂಚಿಗೆ ಕಾಯುತ್ತಿದ್ದರು. ನಾನೂ ನಮ್ಮ ಕಚೇರಿಯ ಇನ್ನಿಬ್ಬರೂ ಅವರಲ್ಲಿದ್ದೆವು. ಯಾರೋ ನನ್ನ ಪಿನ್ನಿನ ಕೆಲಸವನ್ನು ಹೊಗಳಿದರು. ಸಾಹೇಬರು ನಗುತ್ತ, "ರಾಯರದು ಏನಿದೆ, ಗಾಳಿ ಹಾಕೋದು. ಕಣ್ಣು ಎಲ್ಲ ಅಕ್ಕನದು," ಎಂದರು. ಅದು ನಿಜ, ಪ್ರೀತಿಯಿಂದ ಆಡಿದ್ದೂ ನಿಜ. ಆದರೆ ಮರುದಿನ ಕಚೇರಿಯಲ್ಲಿ ಅದಕ್ಕೆ ಬೇರೆಯೇ ರೂಪ ಬಂದಿತ್ತು. "ಎಂತ ರಾಯರೇ, ಮನೆಯಲ್ಲಿ ತಾವು ಗಾಳಿ ಹಾಕುವ ಖಾತೆಯಂತೆ," ಎಂದರು ಒಬ್ಬರು. ಟಪಾಲು ತರುವವನೂ ಬಾಗಿಲಲ್ಲಿ ಮುಖ ತಿರುಗಿಸಿಕೊಂಡು ನಕ್ಕ. ಇಪ್ಪತ್ತು ವರ್ಷ ನಾನು ಮೇಲಧಿಕಾರಿಗಳ ಬೈಗುಳ ತಿಂದವನು, ಬೆವರಿದವನಲ್ಲ. ಈ ನಗು ಮಾತ್ರ ಕಾಲಲ್ಲಿ ಮುರಿದ ಮುಳ್ಳಿನ ಹಾಗೆ ನಡೆದಲ್ಲೆಲ್ಲ ಚುಚ್ಚತೊಡಗಿತು.

ಅದರ ಮುಂದಿನ ಭಾನುವಾರ ಲಾಂಚಿನ ಪಿನ್ನು ಬಂತು. ಶ್ರಾವಣದ ಮಳೆ ಸ್ವಲ್ಪ ಬಿಟ್ಟಿತ್ತು. ಎಣ್ಣೆಯಲ್ಲಿ ಅದ್ದುವ ಕೆಲಸ ಮುಗಿಯಿತು. ತಿಕ್ಕಿ ಬೆಳ್ಳಗೆ ಮಾಡಿ ಮರಳಿನ ಮೇಲೆ ಇಟ್ಟೆ. ಗೋಡೆಯಾಚೆ ಗಿರಿಜೆ ದೋಸೆಗೆ ರುಬ್ಬುತ್ತಿದ್ದಳು, ಒರಳಿನ ಸದ್ದು ಕೇಳುತ್ತಿತ್ತು. ಒಂದು ಸಲ ಕರೆದರೆ ಸಾಕಿತ್ತು. ನಾನು ಕರೆಯಲಿಲ್ಲ. ಎರಡು ವರ್ಷದಲ್ಲಿ ಅಷ್ಟೂ ಅಭ್ಯಾಸವಾಗಿಲ್ಲವೇ, ಹೊತ್ತು ನೋಡಿಯೇ ಹೇಳಬಹುದು ಎಂದುಕೊಂಡೆ. ಬಾಗಿ ನೋಡಿದೆ. ಏನೋ ಬದಲಾದಂತೆ ಕಂಡಿತು, ಹಳದಿಯೋ, ಅದನ್ನು ದಾಟಿದ್ದೋ ತಿಳಿಯಲಿಲ್ಲ. ಮೆತ್ತಗಾಗಿ ಹೋದರೆ ಮತ್ತೆ ನಗೆಪಾಟಲಾಗುತ್ತದೆಂಬ ಭಯದಲ್ಲಿ ಬೇಗ ಎತ್ತಿ ನೀರಿಗೆ ಹಾಕಿದೆ. ಅರ ತೆಗೆದು ಉಜ್ಜಿ ನೋಡಿದೆ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಒಂದು ಗೀರೂ ಬೀಳಲಿಲ್ಲ. ಇಷ್ಟು ಗಟ್ಟಿಯಾದ ಪಿನ್ನನ್ನು ನಾವಿಬ್ಬರೂ ಸೇರಿ ಎಂದೂ ಮಾಡಿರಲಿಲ್ಲ. ನನಗೆ ಹೆಮ್ಮೆಯಾಯಿತು. ಅಷ್ಟು ಗಟ್ಟಿ ಇರುವುದೇ ದೋಷದ ಗುರುತು ಎಂದು ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿತ್ತು, ನಾನು ಆ ಸಾಲಿನ ಕೆಳಗೆ ಗೆರೆ ಕೂಡ ಎಳೆದಿದ್ದೆ.

ಗಿರಿಜೆ ಕೈ ತೊಳೆದು ಬಂದವಳು ಖಾಲಿ ಬಾಣಲೆ ನೋಡಿ, "ನನ್ನ ಕರೀಲೇ ಇಲ್ಲ?" ಎಂದಳು.

"ರುಬ್ಬುತ್ತಿದ್ದೆಯಲ್ಲ."

"ಬಣ್ಣ ಎಂತ ಬಂತು?"

"ಜೋನಿ ಬೆಲ್ಲ," ಎಂದೆ.

ಆ ಸಂಜೆ ಸಾಹೇಬರು ಬಂದಾಗ ಅವಳು ದೇವಸ್ಥಾನಕ್ಕೆ ಹೋಗಿದ್ದಳು. ಪೊಟ್ಟಣವನ್ನು ನಾನೇ ಕೊಟ್ಟೆ. ಅವರು ಬಿಚ್ಚಿ ನೋಡಿದರು, ನನ್ನ ಮುಖ ನೋಡಿದರು, "ಆತು ರಾಯರೇ," ಎಂದು ಜೇಬಿಗೆ ಹಾಕಿಕೊಂಡು ಹೋದರು.

ಎಂಟು ದಿನ ಲಾಂಚು ಓಡಿತು. ಹೊಳೆಯ ಹತ್ತಿರ ಇರುವವರಿಗೆ ಲಾಂಚಿನ ಸದ್ದು ಕೇಳಿಸುವುದೇ ಇಲ್ಲ, ಅದು ನಿಂತಾಗ ಮಾತ್ರ ಕೇಳಿಸುತ್ತದೆ. ಒಂಬತ್ತನೆಯ ದಿನ ಬೆಳಿಗ್ಗೆ ಹತ್ತು ಗಂಟೆಯ ಸುಮಾರಿಗೆ ನಾನು ಕಚೇರಿಗೆ ಹೋಗುವ ದಾರಿಯಲ್ಲಿದ್ದೆ. ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತಂತೆ, ನನಗದು ಕಂದೋ ಹಸಿರೋ. ಇಳಿತದ ಹೊತ್ತು, ನೀರೆಲ್ಲ ಅಳಿವೆಯ ಕಡೆಗೆ, ಸಮುದ್ರದ ಬಾಯಿಗೆ ಎಳೆಯುತ್ತಿತ್ತು. ಸದ್ದು ನಿಂತಿತು. ಧಕ್ಕೆಯಲ್ಲಿ ಯಾರೋ ಕೊಂಕಣಿಯಲ್ಲಿ ಕೂಗಿದರು. ಓಡಿಹೋಗಿ ನೋಡಿದರೆ ಲಾಂಚು ನಡುಹೊಳೆಯಲ್ಲಿ ಅಡ್ಡಲಾಗಿ ತಿರುಗಿ, ಹಾಗೆಯೇ ಅಳಿವೆಯ ಕಡೆಗೆ ಜಾರುತ್ತಿತ್ತು. ಮುಂದೆ ತೆರೆಗಳು ಒಡೆಯುವ ಬಿಳಿ ಗೆರೆ. ಲಾಂಚಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ, ಮೀನು ಮಾರುವ ಹೆಂಗಸರು, ಬುಟ್ಟಿಗಳು, ಮದುವೆಗೆ ಹೊರಟ ಒಂದು ಕುಟುಂಬ. ಅವರೆಲ್ಲ ಒಂದೇ ಕಡೆಗೆ ಬಂದುದರಿಂದ ಅದು ವಾಲಿತ್ತು. ಪಿನ್ನು ಮುರಿದಿದೆ ಎಂದು ಆ ದಡದಲ್ಲಿದ್ದವರಲ್ಲಿ ತಿಳಿದವನು ನಾನೊಬ್ಬನೇ.

ಇಸ್ಮಾಯಿಲ್ ಸಾಹೇಬರು ಇಂಜಿನ್ನಿನ ಗುಂಡಿಯಿಂದ ಮೇಲೆ ಬಂದು ಲಂಗರು ಎಸೆದದ್ದು ಕಂಡಿತು. ಹಗ್ಗ ಓಡಿತು. ಲಂಗರು ಕೆಸರಿನಲ್ಲಿ ಹಿಡಿಯದೆ ಎಳೆದುಕೊಂಡು ಹೋಗುತ್ತಿತ್ತು. ಅವರು ಹಗ್ಗವನ್ನು ಕಂಬಕ್ಕೆ ಸುತ್ತಲು ಬಾಗಿದರು, ಅದೇ ಕ್ಷಣ ಲಂಗರು ಕಲ್ಲಿಗೆ ಸಿಕ್ಕಿರಬೇಕು, ಇಡೀ ಲಾಂಚು ಒಮ್ಮೆ ಜಗ್ಗಿ ನಿಂತಿತು. ಅಷ್ಟು ದೂರಕ್ಕೆ ನನಗೆ ಕಂಡದ್ದು ಅವರು ಕಂಬಕ್ಕೆ ಒರಗಿ ಕೂತದ್ದು ಮಾತ್ರ. ಬಳಲಿ ಕೂತಿದ್ದಾರೆ ಎಂದುಕೊಂಡೆ. ಮೀನುಗಾರರ ಮೂರು ದೋಣಿಗಳು ಹೋಗಿ ಎಲ್ಲರನ್ನೂ ಇಳಿಸಿಕೊಂಡು ಬಂದವು. ಒಬ್ಬರಿಗೂ ನೀರು ತಾಗಲಿಲ್ಲ. ಕೊನೆಯ ದೋಣಿಯಲ್ಲಿ ಸಾಹೇಬರನ್ನು ಮಲಗಿಸಿ ತಂದರು. ಅವರ ಬಲಗೈ ಹಗ್ಗಕ್ಕೂ ಕಂಬಕ್ಕೂ ನಡುವೆ ಸಿಕ್ಕಿತ್ತು. ಹಗ್ಗ ಬಿಡಿಸಿದರೆ ಲಾಂಚು ಹೋಗುತ್ತದೆ ಎಂದು ಅವರು ಮೂರೂ ದೋಣಿ ಬರುವವರೆಗೆ ಹಾಗೆಯೇ ಕೂತಿದ್ದರಂತೆ. ದವಾಖಾನೆಯಲ್ಲಿ ನಾಲ್ಕು ಬೆರಳು ತೆಗೆದರು. ಹೆಬ್ಬೆರಳು ಮಾತ್ರ ಉಳಿಯಿತು.

ಇನ್ನು ಮುಂದಿನದನ್ನು ಬರೆಯಲು ನನ್ನ ಪೆನ್ನು ಸ್ವಲ್ಪ ಹಿಂಜರಿಯುತ್ತದೆ, ಏಕೆಂದರೆ ಅಂದು ಬರೆದದ್ದೂ ನಾನೇ. ನಾಲ್ಕನೆಯ ದಿನ ಬಂದರು ಇಲಾಖೆಯ ಅಧಿಕಾರಿಯೊಬ್ಬರು ವಿಚಾರಣೆಗೆ ಬಂದರು. ಅವರಿಗೆ ಕನ್ನಡ ಬರೆಯಲು ಬಾರದು. ಹೇಳಿಕೆ ಬರೆದುಕೊಳ್ಳಲು ಒಬ್ಬ ಕಾರಕೂನ ಬೇಕೆಂದು ಕಚೇರಿಗೆ ಹೇಳಿ ಕಳಿಸಿದರು. ಇಡೀ ಕಚೇರಿಯಲ್ಲಿ ನನ್ನ ಅಕ್ಷರ ದುಂಡಗೆ ಇತ್ತು, ಮಾಮಲೇದಾರರು ನನ್ನನ್ನೇ ಕಳಿಸಿದರು. ದವಾಖಾನೆಯ ಮಂಚದ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತೆ. ತೊಡೆಯ ಮೇಲೆ ಕಾಗದ. ಅಧಿಕಾರಿ ಕೇಳಿದರು: "ಪಿನ್ನು ಯಾರು ಮಾಡಿದ್ದು?"

ಸಾಹೇಬರು ಚಾವಣಿ ನೋಡುತ್ತ ಹೇಳಿದರು: "ಯಾರು ಮಾಡಿದ್ರೂ ಹಾಕಿದವ ನಾನು. ನೋಡಿ ಹಾಕಬೇಕಿತ್ತು. ತಪ್ಪು ನನ್ನದು ಅಂತ ಬರಕೊಳ್ಳಿ."

ನಾನು ಬರೆದುಕೊಂಡೆ. ಅಲ್ಪವಿರಾಮ, ಪೂರ್ಣವಿರಾಮ ಯಾವುದೂ ತಪ್ಪಲಿಲ್ಲ. ಓದಿ ಹೇಳಿದೆ, ಧ್ವನಿಯೂ ತಪ್ಪಲಿಲ್ಲ. ಕನ್ನಡದಲ್ಲಿ ಒಂದು, ಉರ್ದುವಿನಲ್ಲಿ ಒಂದು ಎಂದು ಎರಡೆರಡು ಸಹಿ ಹಾಕುವ ಅಭ್ಯಾಸವಿದ್ದ ಮನುಷ್ಯನ ಎಡಗೈ ಹಿಡಿದು, ಹೆಬ್ಬೆಟ್ಟಿಗೆ ಶಾಯಿ ಹಚ್ಚಿ, ಆ ಕಾಗದದ ಮೇಲೆ ಒತ್ತಿಸಿದೆ. ಅಧಿಕಾರಿ ನನ್ನ ಅಕ್ಷರ ನೋಡಿ ಮೆಚ್ಚಿಕೊಂಡರು.

ಲಾಂಚನ್ನು ದಡಕ್ಕೆ ಎಳೆದು ತಂದಾಗ ಮುರಿದ ಪಿನ್ನಿನ ಒಂದು ತುಂಡನ್ನು ನಾನು ಅದರಿಂದ ತಂದಿಟ್ಟುಕೊಂಡಿದ್ದೆ. ಗಿರಿಜೆಯ ಕೈಗೆ ಸಿಗದ ಹಾಗೆ ಇಟ್ಟಿದ್ದೆ, ಅಂದರೆ ಅಂಗಿಯ ಜೇಬಿನಲ್ಲಿ. ಮನೆಯಲ್ಲಿ ಅಂಗಿ ಒಗೆಯುವವಳು ಅವಳೇ ಎಂಬುದು ಹೊಳೆದಿರಲಿಲ್ಲ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಮುರಿದ ಮೈ ಸಕ್ಕರೆಯ ಹರಳಿನ ಹಾಗೆ ಮಿನುಗುತ್ತಿತ್ತು. ತುದಿಯನ್ನು ಸೆರಗಿನಿಂದ ಒರೆಸಿ ಮತ್ತೆ ನೋಡಿದಳು.

"ಬೆಳ್ಳಗೇ ಇದೆ. ಇದಕ್ಕೆ ತುಪ್ಪವೂ ಬಂದಿರಲಿಲ್ಲ," ಎಂದಳು.

ನಾನು ತುಂಡಿಗೆ ಕೈ ಚಾಚಿದೆ.

"ಗೋಡೆ ಆಚೆ ಇದ್ದೆ ನಾನು," ಎಂದಳು. ಆಮೇಲೆ, "ಅವರಿಗೆ ಹೇಳಿ ಬನ್ನಿ."

ಆತು ಎಂದೆ. ಆದರೆ ಹೇಳಲು ಹೋಗುವುದಕ್ಕೆ ಮೂರು ತಿಂಗಳು ಹಿಡಿಯಿತು. ಅಷ್ಟರಲ್ಲಿ ಸಾಹೇಬರು ಭಟ್ಕಳಕ್ಕೆ ಹೋಗಿದ್ದರು. ಲಾಂಚಿಗೆ ಮುಂಬಯಿಯ ಪಿನ್ನೂ ಬೇರೆ ಡ್ರೈವರೂ ಬಂದಿದ್ದರು. ಗಾಳಿಯಂತ್ರವನ್ನು ನಾನು ಪಾಂಡುರಂಗರಿಗೆ ಕಳಿಸಿಬಿಟ್ಟೆ. ಭಟ್ಕಳ ಎಂದರೆ ಹೊಳೆ ದಾಟಿ ಬಸ್ಸು ಹತ್ತಿದರೆ ಒಂದು ಬೆಳಗಿನ ದಾರಿ. ಆದರೆ ನನಗೆ ಮೊದಲ ವಾರ ಶೀತವಾಯಿತು. ಎರಡನೆಯ ವಾರ ಚೌತಿ ಬಂತು. ಆಮೇಲೆ ಜಮಾಬಂದಿಯ ಕೆಲಸ ಎಂದು ಭಾನುವಾರವೂ ಕಚೇರಿಗೆ ಹೋದೆ, ಅಲ್ಲಿ ಬೀಗ ಹಾಕಿತ್ತು. ಕಚೇರಿಯ ಕಟ್ಟೆಯ ಮೇಲೆ ಎರಡು ಗಂಟೆ ಕೂತು ಬಂದು, ಬಹಳ ಕೆಲಸ ಎಂದು ಹೇಳಿದೆ. ಆಮೇಲೆ ನವರಾತ್ರಿ. ಗಿರಿಜೆ ಒಂದು ದಿನವೂ ನೆನಪು ಮಾಡಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಒಗೆದು ಮಡಿಸಿದ ಅಂಗಿ, ಧೋತರ, ಕೊಡೆ ಇಷ್ಟನ್ನು ಮಂಚದ ತುದಿಯಲ್ಲಿ ಇಡುತ್ತಿದ್ದಳು. ಸಂಜೆ ಅದನ್ನು ಹಾಗೆಯೇ ಎತ್ತಿ ಒಳಗಿಡುತ್ತಿದ್ದಳು. ಮನುಷ್ಯ ಬೈಗುಳವನ್ನಾದರೂ ತಡೆದುಕೊಳ್ಳಬಹುದು, ಮಡಿಸಿದ ಅಂಗಿಯನ್ನು ಎಷ್ಟು ವಾರ ತಡೆದುಕೊಳ್ಳುವುದು. ಕೊನೆಗೊಂದು ಭಾನುವಾರ ಅದನ್ನು ತೊಟ್ಟೆ.

ಭಟ್ಕಳದ ಒಂದು ಕಿರಿದಾದ ಓಣಿಯಲ್ಲಿ ಅವರ ಮನೆ. ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಕೂತಿದ್ದರು. ಬಲಗೈ ಮಡಿಲಲ್ಲಿ, ಅದರ ಮೇಲೆ ಒಂದು ಬಿಳಿ ಅಂಗವಸ್ತ್ರ. ಎಡಗೈಯಲ್ಲಿ ಬಳಪ, ಮುಂದೆ ಸ್ಲೇಟು. ಸ್ಲೇಟಿನ ತುಂಬ ತಮ್ಮದೇ ಹೆಸರು ಬರೆದಿದ್ದರು, ಒಂದನೆಯ ಇಯತ್ತೆಯ ಮಕ್ಕಳ ಅಕ್ಷರದ ಹಾಗೆ ಒಂದು ಆಕಡೆ, ಒಂದು ಈಕಡೆ.

"ಬನ್ನಿ ರಾಯರೇ," ಎಂದರು. "ಸಹಿ ಹಾಕೋದು ಕಲೀತಾ ಇದ್ದೇನೆ. ಕನ್ನಡ ಬಂತು. ಉರ್ದು ಈ ಕೈಗೆ ಕಷ್ಟ."

ಕುಶಲ ಕೇಳಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡ ಮಾತೆಲ್ಲ ಸ್ಲೇಟು ನೋಡಿ ಮರೆತುಹೋಯಿತು. ನಿಂತುಕೊಂಡೇ ಹೇಳಿಬಿಟ್ಟೆ: "ಸಾಹೇಬರೇ, ಆ ಪಿನ್ನಿಗೆ ಹದ ಬಂದಿರಲಿಲ್ಲ. ಅವಳನ್ನು ನಾನು ಕರೆದಿರಲಿಲ್ಲ."

"ಗೊತ್ತು," ಎಂದರು.

"ಯಾವಾಗ ಗೊತ್ತಾಯಿತು?"

"ನೀವು ಕೊಟ್ಟಾಗಲೇ. ಪ್ರತಿ ಸಲ ಅದರ ತುದಿಗೆ ಬಣ್ಣ ಇರ್ತಿತ್ತು. ಆ ಸಲ ಬೆಳ್ಳಗಿತ್ತು." ಬಳಪವನ್ನು ಸ್ಲೇಟಿನ ಮೇಲಿಟ್ಟರು. "ಅಕ್ಕ ನೋಡಿದ್ದಾರಾ ಅಂತ ಕೇಳೋಣ ಅಂತ ಬಾಯಿಗೆ ಬಂತು. ಧಕ್ಕೆಯಲ್ಲಿ ಅವತ್ತು ನಾನು ಒಂದು ಮಾತು ಆಡಿದ್ದೆ, ನಿಮ್ಮ ಮುಖ ಸಣ್ಣದಾಗಿತ್ತು. ಮತ್ತೆ ಕೇಳಿದರೆ ನಿಮಗೆ ಬೇಜಾರು ಅಂತ ಸುಮ್ಮನಾದೆ. ಎರಡು ವರ್ಷ ಒಳ್ಳೇ ಪಿನ್ನು ಕೊಟ್ಟವರು, ಇದೂ ಸರಿ ಇರಬಹುದು ಅಂತ ಹಾಕಿದೆ."

ನಾನು ಜಗಲಿಯ ಮೆಟ್ಟಿಲ ಮೇಲೆ ಕೂತೆ. ನನ್ನ ಮುಖ ಇನ್ನಷ್ಟು ಸಣ್ಣದಾಗಬಾರದೆಂದು ಒಬ್ಬ ಮನುಷ್ಯ ನಾಲ್ಕು ಬೆರಳು ಕಳೆದುಕೊಂಡಿದ್ದ. ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಎಡಗೈ ಎತ್ತಿ ತಡೆದರು.

"ಮಾಫಿ ಕೇಳಬೇಡಿ ರಾಯರೇ. ಮನೆಗೆ ಬಂದು ಕೇಳಿದವರಿಗೆ ಇಲ್ಲ ಅನ್ನೋದಕ್ಕೆ ಆಗೋದಿಲ್ಲ, ಕೊಡಬೇಕಾಗ್ತದೆ. ಕೊಡುವ ಮನಸ್ಸು ಇನ್ನೂ ಬಂದಿಲ್ಲ. ಬಂದಾಗ ನಾನೇ ಹೇಳಿ ಕಳಿಸ್ತೇನೆ."

ಬಾಗಿಲ ಪರದೆಯ ಹಿಂದಿನಿಂದ ಚಹಾ ಬಂತು. ಇಬ್ಬರೂ ಕುಡಿದೆವು. ಅವರು ಎಡಗೈಯೊಂದರಲ್ಲೇ ಚಹಾವನ್ನು ಬಸಿ ತಟ್ಟೆಗೆ ಬಗ್ಗಿಸಿಕೊಳ್ಳಲು ಪಟ್ಟ ಪಾಡನ್ನು ನೋಡದೆ ನಾನು ಓಣಿಯನ್ನು ನೋಡುತ್ತ ಕೂತೆ. ಹೊರಟಾಗ, "ಅಕ್ಕನಿಗೆ ಸಲಾಮು ಹೇಳಿ," ಎಂದು ಮತ್ತೆ ಬಳಪ ಎತ್ತಿಕೊಂಡರು. ಇದಾಗಿ ಆರು ವರ್ಷವಾಯಿತು. ಹೇಳಿ ಕಳಿಸಿಲ್ಲ.

ಇಲ್ಲಿಗೆ ಮುಗಿಸಿದ್ದರೆ ನಿಮ್ಮ ದೃಷ್ಟಿಯಲ್ಲಿ ನನಗೆ ಒಂದಿಷ್ಟು ಮರ್ಯಾದೆ ಉಳಿಯುತ್ತಿತ್ತು. ಆದರೆ ವಾಪಸು ಬರುವಾಗ ಶಿರಾಲಿಯಲ್ಲಿ ಬಸ್ಸು ನಿಂತಿತು. ಡ್ರೈವರು ಚಹಾಕ್ಕೆ ಇಳಿದ. ಹೋಟೆಲಿನಿಂದ ಬಿಸಿ ಬನ್ಸಿನ ವಾಸನೆ ಬಂತು, ಮತ್ತು ನನಗೆ ಹಸಿವಾಯಿತು. ಅಂಥಿಂಥ ಹಸಿವಲ್ಲ. ಮೂರು ತಿಂಗಳು ಅನ್ನ ಗಂಟಲಲ್ಲಿ ಇಳಿಯದೆ ಇದ್ದವನಿಗೆ, ಹೇಳಿ ಮುಗಿಸಿದ್ದೇ ತಡ, ಹೊಟ್ಟೆ ಬಾಯಿ ತೆರೆದುಕೊಂಡಿತ್ತು. ಕ್ಷಮೆ ಸಿಗಲಿಲ್ಲ ಎಂಬುದು ಅದಕ್ಕೆ ತಿಳಿದಿರಲಿಲ್ಲ, ತಿಳಿದರೂ ಅದರ ಗೊಡವೆ ಇರಲಿಲ್ಲ. ಎರಡು ಪ್ಲೇಟು ಬನ್ಸು ತಿಂದೆ, ಅದರ ಮೇಲೆ ಉಸಳಿ ಅವಲಕ್ಕಿ. ಮಾಣಿ ಇನ್ನೇನು ಬೇಕು ಎಂದಾಗ ಇನ್ನೊಂದು ಬನ್ಸು ಎಂದೆ. ಅದನ್ನು ಕೈಯಲ್ಲಿ ಹಿಡಿದೇ ಬಸ್ಸು ಹತ್ತಿದೆ.

ಮನೆಗೆ ಬಂದಾಗ ಗಿರಿಜೆ ಊಟ ಮಾಡದೆ ಕಾದಿದ್ದಳು. ಮಣೆ ಹಾಕಿ, ಎಲೆ ಹಾಕಿ, ಬಡಿಸಿದಳು. "ಹೇಳಿದ್ರಾ?" ಎಂದಳು. ಹೇಳಿದೆ ಎಂದೆ. "ಎಂತ ಅಂದ್ರು?" ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಒಂದು ಅಕ್ಷರ ಮುಚ್ಚಿಡಲಿಲ್ಲ. ನಾನು ಅನ್ನ ಕಲಸಿದೆ. ಒಂದು ತುತ್ತು ಬಾಯಿಗಿಟ್ಟೆ, ಇಳಿಯಲಿಲ್ಲ. ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಎಲೆಯ ಮುಂದೆ ತಲೆ ತಗ್ಗಿಸಿ ಕೂತ ನನ್ನನ್ನು ಅವಳು ಬಹಳ ಹೊತ್ತು ನೋಡಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖ ಮೆತ್ತಗಾಯಿತು. ನನ್ನ ಭುಜದ ಮೇಲೆ ಕೈಯಿಟ್ಟು, "ಬಿಡಿ. ಒತ್ತಾಯ ಮಾಡಿ ಉಣ್ಣಬೇಡಿ. ಇಷ್ಟು ನೊಂದುಕೊಂಡರೆ ಹ್ಯಾಗೆ," ಎಂದಳು.

ನಾನು ಕೈ ತೊಳೆದುಕೊಂಡು ಎದ್ದೆ. ಬನ್ಸಿನ ವಿಷಯ ಅವಳಿಗೆ ಇಂದಿಗೂ ಹೇಳಿಲ್ಲ.